ತಾರಸಿ, ತಗಡು, ಹಂಚು: ಗ್ಲಾಸ್‌ವುಲ್ ಯಾವ ಸೂರಿಗೆ ಸೈ, ಯಾವುದಕ್ಕೆ ಬೇಡ

ಏಪ್ರಿಲ್‌ನಲ್ಲಿ ರಾಯಚೂರಿನದ್ದೋ ಕಲಬುರಗಿಯದ್ದೋ ತಾರಸಿ ಮನೆಯ ಮೇಲ್ಮಹಡಿಯಲ್ಲಿ ರಾತ್ರಿ ಹತ್ತಕ್ಕೆ ಸ್ಟೂಲ್ ಹತ್ತಿ ಛಾವಣಿಗೆ ಅಂಗೈ ಒತ್ತಿ ನೋಡಿ. ಹೊತ್ತು ಮುಳುಗಿ ಮೂರು ಗಂಟೆಯಾಗಿದ್ದರೂ ಕೈಗೆ ಬಿಸಿ ತಾಗುತ್ತದೆ. ಹಗಲೆಲ್ಲ ಕಾದ ಕಾಂಕ್ರೀಟು ಆಗಷ್ಟೇ ತನ್ನ ಬಿಸಿಯನ್ನು ಕೋಣೆಗೆ ಬಿಡುತ್ತಿರುತ್ತದೆ. ಇದಕ್ಕೆ ಮದ್ದು ಹುಡುಕುತ್ತ ಹೋದವರಿಗೆ ಮೊದಲು ಸಿಗುವುದು ಗಾಜಿನ ಎಳೆಗಳ ಹಳದಿ ಹಾಸು. ಅಂಗಡಿಯಲ್ಲಿ ಅದಕ್ಕೆ ಗ್ಲಾಸ್‌ವುಲ್ ಎನ್ನುತ್ತಾರೆ, ಅಮೆರಿಕದ ವಿಡಿಯೊಗಳಲ್ಲಿ ಫೈಬರ್‌ಗ್ಲಾಸ್ ಬ್ಯಾಟ್.

ವಸ್ತು ಒಳ್ಳೆಯದೇ. ಆದರೆ ಆ ವಿಡಿಯೊಗಳಲ್ಲಿ ಕಾಣುವ ಮನೆಯ ಮೈಕಟ್ಟೇ ಬೇರೆ. ಅಲ್ಲಿ ಗೋಡೆ, ಸೂರು ಎರಡೂ ಮರದ ಚೌಕಟ್ಟಿನವು. 16 ಇಂಚಿಗೊಂದು ಮರದ ಪಟ್ಟಿ, ನಡುವಿನ ಖಾಲಿ ಜಾಗಕ್ಕೆ ಸರಿಯಾಗಿ 15 ಇಂಚು ಅಗಲದ ಬ್ಯಾಟ್. ಹ್ಯೂಸ್ಟನ್‌ನಲ್ಲೋ ಫೀನಿಕ್ಸ್‌ನಲ್ಲೋ ಮನೆ ಕೊಂಡ ಕನ್ನಡಿಗರಿಗೆ ಅದು ನೇರವಾಗಿ ಒಪ್ಪುತ್ತದೆ. ನಮ್ಮಲ್ಲಿ ಇರುವುದು ಆರ್‌ಸಿಸಿ ತಾರಸಿ, ತಗಡು, ಮಂಗಳೂರು ಹಂಚು, ಹಳೆಯ ಊರುಗಳಲ್ಲಿ ಮಣ್ಣಿನ ಮಾಳಿಗೆ. ಹಾಗಾಗಿ ಗ್ಲಾಸ್‌ವುಲ್ ಒಳ್ಳೆಯದೋ ಕಲ್ಲಿನ ಎಳೆಗಳ ರಾಕ್‌ವುಲ್ ಒಳ್ಳೆಯದೋ ಎಂಬ ಚರ್ಚೆಗೆ ಮೊದಲು ತಲೆಯೆತ್ತಿ ನಿಮ್ಮ ಸೂರು ಯಾವುದೆಂದು ನೋಡಿಕೊಳ್ಳಿ. ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ.

ಒಂದಿಷ್ಟು ಲೆಕ್ಕ

ಶಾಖ ಎಷ್ಟು ಸಲೀಸಾಗಿ ಒಂದು ವಸ್ತುವಿನ ಮೂಲಕ ದಾಟುತ್ತದೆ ಎಂಬುದನ್ನು ಅದರ ವಾಹಕತೆ, ಅಂದರೆ ಕೆ-ಮೌಲ್ಯ, ಹೇಳುತ್ತದೆ. ಕಡಿಮೆಯಿದ್ದಷ್ಟೂ ಒಳ್ಳೆಯದು. ಆರ್‌ಸಿಸಿಗೆ ಇದು ಸುಮಾರು 1.58. ಗ್ಲಾಸ್‌ವುಲ್‌ಗೆ 0.032ರಿಂದ 0.044, ರಾಕ್‌ವುಲ್‌ಗೆ 0.035ರಿಂದ 0.040, ಎಕ್ಸ್‌ಪಿಎಸ್ (ಗಟ್ಟಿ ಪಾಲಿಸ್ಟೈರೀನ್ ನೊರೆ) ಹಲಗೆಗೆ 0.030ರ ಆಸುಪಾಸು, ಪಫ್ ಅಂದರೆ ಪಾಲಿಯುರೆಥೇನ್ ನೊರೆಗೆ 0.022ರಿಂದ 0.028. ದಪ್ಪವನ್ನು ಮೀಟರಿನಲ್ಲಿ ಬರೆದು ಕೆ-ಮೌಲ್ಯದಿಂದ ಭಾಗಿಸಿದರೆ ತಡೆಯುವ ಶಕ್ತಿ, ಅಂದರೆ ಆರ್-ಮೌಲ್ಯ, ಸಿಗುತ್ತದೆ. ಕೆ-ಮೌಲ್ಯ 0.035 ಇರುವ 50 ಮಿ.ಮೀ. ಗ್ಲಾಸ್‌ವುಲ್‌ಗೆ ಅದು 1.43. ಅಷ್ಟೇ ತಡೆ ಬರಿ ಕಾಂಕ್ರೀಟಿನಿಂದ ಬೇಕೆಂದರೆ ಎರಡು ಮೀಟರಿಗೂ ಹೆಚ್ಚು ದಪ್ಪದ ಮೋಲ್ಡ್ ಹಾಕಬೇಕು.

ಇನ್ನೊಂದು ಅಳತೆ ಯು-ಮೌಲ್ಯ: ಇಡೀ ಸೂರು ಒಳಗೆ ಬಿಡುವ ಶಾಖ. 150 ಮಿ.ಮೀ. ಮೋಲ್ಡ್ ಮತ್ತು ಗಾರೆಯ ಬರಿ ತಾರಸಿಗೆ ಇದು 3.1ರಷ್ಟು. ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆಯ ಪ್ರಕಾರ ವಾಸದ ಕಟ್ಟಡದ ಸೂರಿಗೆ 1.2 ಮೀರಬಾರದು. ಅದೇ ತಾರಸಿಗೆ 25 ಮಿ.ಮೀ. ಗ್ಲಾಸ್‌ವುಲ್ ಸೇರಿಸಿದರೆ 0.97, 50 ಸೇರಿಸಿದರೆ 0.57, 100 ಸೇರಿಸಿದರೆ 0.31. ಅಂದರೆ ಮೊದಲ 25 ಮಿ.ಮೀ. ಶಾಖದ ಶೇ. 69ನ್ನು ತಡೆದರೆ, ಮುಂದಿನ 25 ಮಿ.ಮೀ. ಇನ್ನು ಶೇ. 13ನ್ನು ತಡೆಯುತ್ತದೆ, ಅದರ ಮೇಲಿನ 50 ಮಿ.ಮೀ. ಕೇವಲ ಶೇ. 8ನ್ನು. ನಮ್ಮ ಹವೆಗೆ 50 ಮಿ.ಮೀ. ಹದವಾದ ಲೆಕ್ಕ. ಡಬಲ್ ಹಾಕಿಸಿ ಸಾರ್ ಎನ್ನುವ ಗುತ್ತಿಗೆದಾರನಿಗೆ ಈ ಅಂಕಿ ತೋರಿಸಿ.

ಆರ್‌ಸಿಸಿ ತಾರಸಿಗೆ

ಇಲ್ಲಿ ನಿಜವಾದ ಪ್ರಶ್ನೆ ಮೇಲೆ ಹಾಕಬೇಕೋ ಕೆಳಗೋ ಎಂಬುದು. ಗ್ಲಾಸ್‌ವುಲ್ ಮೆದು. ಅದರ ಮೇಲೆ ಕಾಂಕ್ರೀಟು ಸುರಿಯುವಂತಿಲ್ಲ, ಕಾಲಿಡುವಂತಿಲ್ಲ, ನೀರು ತಾಗಿಸುವಂತಿಲ್ಲ. ತಾರಸಿಯ ಮೇಲ್ಭಾಗಕ್ಕೆ ಅದು ಲೆಕ್ಕಕ್ಕೇ ಇಲ್ಲ. ಫಾಲ್ಸ್ ಸೀಲಿಂಗ್ ಮೇಲೆ ಹಾಸುವುದೊಂದೇ ದಾರಿ. ಆಗ ಮೋಲ್ಡ್ ಎಂದಿನಂತೆ ಕಾಯುತ್ತಲೇ ಇರುತ್ತದೆ, ಹಗಲು ಹಿಗ್ಗಿ ರಾತ್ರಿ ಕುಗ್ಗುತ್ತದೆ, ಪ್ಯಾರಾಪೆಟ್ ಬುಡದಲ್ಲಿ ಬಿರುಕು ಬಿಡುವುದೂ ನಿಲ್ಲುವುದಿಲ್ಲ. ಆ ಶಾಖ ಕೋಣೆಗಿಳಿಯುವುದನ್ನಷ್ಟೇ ಹಾಸು ತಡೆಯುತ್ತದೆ.

ಮೇಲೆ ಹಾಕುವುದಾದರೆ ಎಕ್ಸ್‌ಪಿಎಸ್ ಹಲಗೆ. ಅದು ನೀರು ಕುಡಿಯುವುದಿಲ್ಲ, ಭಾರ ತಡೆಯುತ್ತದೆ. ಕೆಲಸದ ಕ್ರಮ ಹೀಗೆ: ಹಳೆಯ ಸುರ್ಕಿ (ಇಟ್ಟಿಗೆ ಚೂರಿನ ಕೋಬಾ ಪದರ) ಸಡಿಲವಾಗಿದ್ದರೆ ತೆಗೆಸಿ, ನೀರು ಹರಿಯುವ ಇಳಿಜಾರು ನೂರಕ್ಕೆ ಒಂದಾದರೂ ಇದೆಯೇ ನೋಡಿ, ವಾಟರ್‌ಪ್ರೂಫಿಂಗ್ ಹಚ್ಚಿ ಎರಡು ದಿನ ನೀರು ಕಟ್ಟಿ ನಿಲ್ಲಿಸಿ ಸೋರಿಕೆ ಪರೀಕ್ಷಿಸಿ. ಆಮೇಲೆ 50 ಮಿ.ಮೀ. ಹಲಗೆಗಳನ್ನು ಇಟ್ಟಿಗೆ ಸಾಲಿನಂತೆ ಸಂದು ತಪ್ಪಿಸಿ ಜೋಡಿಸಿ, ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಕೋಳಿ ಬಲೆ ಇಟ್ಟು 50 ಮಿ.ಮೀ. ಕಾಂಕ್ರೀಟು ಹಾಕಿಸಿ. ಆ ಕಾಂಕ್ರೀಟನ್ನು ಸುಮಾರು ಮೂರು ಮೀಟರಿಗೊಂದು ಚೌಕ ಮಾಡಿ ಸಂದು ಬಿಡಿಸಿ, ಇಲ್ಲದಿದ್ದರೆ ಮೊದಲ ಬೇಸಿಗೆಯಲ್ಲೇ ಅದು ಸೀಳುತ್ತದೆ. ಕೊನೆಗೆ ಬಿಳಿ ಟೈಲ್ಸ್ ಅಥವಾ ಬಿಳಿ ಲೇಪ. ನೆಲ ಒಟ್ಟು ನಾಲ್ಕು ಇಂಚು ಏರುತ್ತದೆ. ತಾರಸಿ ಬಾಗಿಲ ಹೊಸ್ತಿಲು, ಮಳೆನೀರಿನ ಕೊಳವೆಬಾಯಿ, ಪ್ಯಾರಾಪೆಟ್ ಎತ್ತರ ಈ ಮೂರನ್ನೂ ಕೆಲಸಕ್ಕೆ ಮುಂಚೆಯೇ ಅಳೆಯಿರಿ. ಹೊಸ್ತಿಲು ಮರೆತವರ ಮನೆಯಲ್ಲಿ ಮೊದಲ ಜೋರು ಮಳೆಗೆ ನೀರು ಮೆಟ್ಟಿಲಿಳಿದು ಬರುತ್ತದೆ.

ಸುರ್ಕಿ ಇದೆಯಲ್ಲ, ಬಿಸಿ ತಡೆಯುವುದಿಲ್ಲವೇ ಎಂದು ಕೇಳುವವರುಂಟು. ಇಟ್ಟಿಗೆ ಚೂರಿನ ನಾಲ್ಕಿಂಚು ಕೋಬಾದ ಆರ್-ಮೌಲ್ಯ ಹೆಚ್ಚೆಂದರೆ 0.12ರಷ್ಟು, ಭಾರ ಮಾತ್ರ ಚದರ ಮೀಟರಿಗೆ 190 ಕೆ.ಜಿ.ಯ ಹತ್ತಿರ. ಅದು ಇಳಿಜಾರಿಗೆ, ನೀರಿಗೆ. ಬಿಸಿ ಒಳಬರುವುದನ್ನು ಅದು ಒಂದೆರಡು ಗಂಟೆ ತಡಮಾಡುತ್ತದೆ ಅಷ್ಟೇ.

ಇದೆಲ್ಲಕ್ಕೂ ಮೊದಲು ಬಿಳಿ ಬಣ್ಣ. ಬೂದು ಕಾಂಕ್ರೀಟು ಬಿಸಿಲಿನ ಮೂರನೇ ಎರಡು ಪಾಲು ಹೀರುತ್ತದೆ. ಒಳ್ಳೆಯ ಕೂಲ್ ರೂಫ್ ಲೇಪ ಹೊಸದಾಗಿದ್ದಾಗ ಐದನೇ ಒಂದು ಪಾಲು. ಅಂದರೆ ಒಳಕ್ಕೆ ಇಳಿಯಬೇಕಾದ ಶಾಖ ಹುಟ್ಟುವ ಮೊದಲೇ ಮೂರನೇ ಒಂದಕ್ಕೆ ಇಳಿಯಿತು. ನೆರೆಯ ತೆಲಂಗಾಣ 2023ರಲ್ಲಿ ಇದಕ್ಕೆಂದೇ ಒಂದು ಕೂಲ್ ರೂಫ್ ನೀತಿ ತಂದಿದೆ. ಕೈ ಬಿಗಿಯಿದ್ದರೆ ಸುಣ್ಣಕ್ಕೆ ಅಂಟು ಬೆರೆಸಿ ಬಳಿದರೂ ನಡೆದೀತು, ಆದರೆ ಪ್ರತಿವರ್ಷ ಮಳೆ ಮುಗಿದ ಮೇಲೆ ಮತ್ತೆ ಬಳಿಯಬೇಕು. ಲೇಪವಾದರೂ ಧೂಳು, ಪಾಚಿ ಹಿಡಿದು ಮಂಕಾಗುತ್ತದೆ; ಫೆಬ್ರುವರಿಯಲ್ಲಿ ಒಮ್ಮೆ ಬ್ರಷ್ ಹಾಕಿ ತಿಕ್ಕಿ ತೊಳೆಯಿರಿ.

ಎಸಿ ಇಲ್ಲದ ಮನೆಗೆ ನಮ್ಮ ಸಲಹೆ ನೇರ: ಮೊದಲು ಬಿಳಿ ಲೇಪ, ಆಮೇಲೆ ದುಡ್ಡಿದ್ದರೆ ಎಕ್ಸ್‌ಪಿಎಸ್. ಒಳಗಿನ ಗ್ಲಾಸ್‌ವುಲ್ ಹಗಲಲ್ಲಿ ಬಿಸಿ ತಡೆದಂತೆಯೇ, ರಾತ್ರಿ ಮನೆಯೊಳಗಿನ ಬಿಸಿ ಸೂರಿನಿಂದ ಹೊರಹೋಗುವುದನ್ನೂ ತಡೆಯುತ್ತದೆ. ಕಿಟಕಿಯ ಗಾಳಿಯಾಟ ಚೆನ್ನಾಗಿದ್ದರೆ ಅದು ತೊಂದರೆಯಲ್ಲ. ಇಲ್ಲದಿದ್ದರೆ ಧಗೆ. ಎಸಿ ಹಾಕುವ ಕೋಣೆಗೆ, ಅದರಲ್ಲೂ ಬಾಡಿಗೆಗೆ ಹಿಡಿದ ಅಪಾರ್ಟ್‌ಮೆಂಟಿನ ಕೊನೆಯ ಮಹಡಿಯಲ್ಲಿ ತಾರಸಿ ಮುಟ್ಟಲು ಅನುಮತಿ ಸಿಗದವರಿಗೆ, ಫಾಲ್ಸ್ ಸೀಲಿಂಗ್ ಮೇಲಿನ ಗ್ಲಾಸ್‌ವುಲ್ ಒಳ್ಳೆಯ ಆಯ್ಕೆ. ಎತ್ತರ ನಾಲ್ಕರಿಂದ ಆರು ಇಂಚು ಕಮ್ಮಿಯಾಗುತ್ತದೆ. ಮೋಲ್ಡ್‌ನಲ್ಲಿ ಸಣ್ಣ ಸೋರಿಕೆಯಿದ್ದರೂ ಮೊದಲು ಅದನ್ನು ಸರಿಪಡಿಸಿ. ಹಾಸಿನ ಹಿಂದೆ ಮರೆಯಾದ ಸೋರಿಕೆ ಕಣ್ಣಿಗೆ ಬೀಳುವುದು ಜಿಪ್ಸಮ್ ಹಲಗೆ ಕಂದು ತಿರುಗಿ ಜೋತುಬಿದ್ದ ಮೇಲೆಯೇ. ಫ್ಯಾನನ್ನು ಉದ್ದ ರಾಡಿನಿಂದ ಮೋಲ್ಡ್‌ನ ಕೊಂಡಿಗೇ ತೂಗುಹಾಕಬೇಕು, ಸೀಲಿಂಗ್ ಚೌಕಟ್ಟಿಗೆ ಯಾವ ಕಾರಣಕ್ಕೂ ಅಲ್ಲ.

ಮಣ್ಣಿನ ಮಾಳಿಗೆ ಇನ್ನೂ ಗಟ್ಟಿಯಾಗಿದ್ದರೆ ಕೈ ಹಚ್ಚಬೇಡಿ. ದಪ್ಪ ಮಣ್ಣು ತಾನೇ ತಕ್ಕ ಮಟ್ಟಿಗೆ ಕೆಲಸ ಮಾಡುತ್ತಿದೆ.

ತಗಡಿನ ಸೂರಿಗೆ

ಗ್ಲಾಸ್‌ವುಲ್ ನಿಜಕ್ಕೂ ಗೆಲ್ಲುವುದು ಇಲ್ಲಿ. ಬರಿ ತಗಡಿನ ಯು-ಮೌಲ್ಯ 4.8ರ ಹತ್ತಿರ, ಅದಕ್ಕೆ ತನ್ನದೆಂಬ ತಡೆ ಏನೂ ಇಲ್ಲ. 50 ಮಿ.ಮೀ. ಹಾಸು ಬಿದ್ದರೆ 0.6ಕ್ಕೆ ಇಳಿಯುತ್ತದೆ. ಮಳೆಯ ಸದ್ದೂ ತಗ್ಗುತ್ತದೆ. ಮಲೆನಾಡಿನ ಜೂನ್ ತಿಂಗಳಲ್ಲಿ ತಗಡಿನಡಿ ಕೂತು ಫೋನಿನಲ್ಲಿ ಮಾತಾಡಲು ಯತ್ನಿಸಿದವರಿಗೆ ಇದರ ಬೆಲೆ ಗೊತ್ತು.

ಹೊಸ ಸೂರಾದರೆ ಪರ್ಲಿನ್‌ಗಳ (ತಗಡು ಹೊರುವ ಅಡ್ಡಪಟ್ಟಿಗಳ) ಮೇಲೆ ಮೊದಲು ಕೋಳಿ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಕು, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್ ಮುಖ ಕೆಳಗೆ ಬರುವಂತೆ ಹಾಸು, ಅದರ ಮೇಲೆ ತಗಡು. ಎರಡು ಹಾಸುಗಳ ಫಾಯಿಲ್ ಅಂಚು 50ರಿಂದ 75 ಮಿ.ಮೀ. ಒಂದರ ಮೇಲೊಂದು ಬರಲಿ, ಧೂಳು ಒರೆಸಿ ಫಾಯಿಲ್ ಟೇಪ್ ಒತ್ತಿ ಹಚ್ಚಿ. ಧೂಳಿನ ಮೇಲೆ ಹಚ್ಚಿದ ಟೇಪು ಏಪ್ರಿಲ್ ದಾಟುವುದಿಲ್ಲ.

ಇಲ್ಲಿ ಎಡವುವುದು ಸ್ಕ್ರೂ ಉದ್ದದಲ್ಲಿ. ಪರ್ಲಿನ್ ಮೇಲೆ ಬಂದ ಹಾಸು ತಗಡಿನ ಒತ್ತಡಕ್ಕೆ ಅಪ್ಪಚ್ಚಿಯಾಗುತ್ತದೆ, ಆದರೂ ಸೆಂಟಿಮೀಟರಿನಷ್ಟು ದಪ್ಪ ಉಳಿಯುತ್ತದೆ. ಎಂದಿನ ಸ್ಕ್ರೂ ಹಾಕಿದರೆ ಪರ್ಲಿನ್‌ಗೆ ಹಿಡಿತ ಸಾಲದು. ಕೆಲಸಗಾರ ಅದನ್ನೇ ಬಲವಂತವಾಗಿ ತಿರುಗಿಸುತ್ತಾನೆ, ತಗಡು ಸ್ಕ್ರೂ ಸುತ್ತ ಬಟ್ಟಲಿನಂತೆ ತಗ್ಗುತ್ತದೆ, ರಬ್ಬರ್ ವಾಷರ್ ಹೊರಗೆ ಚಿಮ್ಮುತ್ತದೆ. ಮಳೆನೀರು ನಿಲ್ಲುವುದು ಸರಿಯಾಗಿ ಅಲ್ಲೇ. ಒಂದು ಅಳತೆ ಉದ್ದದ ಸ್ಕ್ರೂ ತರಿಸಿ, ವಾಷರ್ ಚಪ್ಪಟೆಯಾಗುವಷ್ಟೇ ಬಿಗಿಸಲು ಹೇಳಿ.

ಈಗಾಗಲೇ ಹಾಕಿದ ತಗಡಿಗೆ ಕೆಳಗಿನಿಂದ ಕೂರಿಸಬೇಕು: ಪರ್ಲಿನ್‌ಗಳ ನಡುವಿನ ಅಂತರಕ್ಕಿಂತ 10–15 ಮಿ.ಮೀ. ಅಗಲ ಜಾಸ್ತಿ ಕತ್ತರಿಸಿ, ತುರುಕದೆ ಕೂರಿಸಿ, ಕೆಳಗೆ ಬಲೆ ಬಿಗಿದು ಹಿಡಿಸಿ. ಆರು ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಅಡ್ಡಕ್ಕೆ ಬೆಳಕು ಬಿಟ್ಟು ನೋಡಿ. ಫಾಯಿಲ್ ಎಲ್ಲಾದರೂ ಹೊಟ್ಟೆಯುಬ್ಬಿದಂತೆ ಜೋತಿದ್ದರೆ ಅದರ ಮೇಲೆ ನೀರು ನಿಂತಿದೆ. ಗ್ಲಾಸ್‌ವುಲ್‌ನ ಕೆಲಸ ಮಾಡುವುದು ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ. ಅಲ್ಲಿಗೆ ನೀರು ಹೊಕ್ಕರೆ, ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಶಾಖ ದಾಟಿಸುವ ವಸ್ತುವನ್ನು ನೀವೇ ತುಂಬಿಟ್ಟ ಹಾಗೆ. ಒದ್ದೆಯಾಗಿ ಕುಸಿದ ತುಂಡು ಒಣಗಿದರೂ ಮೊದಲಿನ ದಪ್ಪಕ್ಕೆ ಬಾರದು, ಬದಲಿಸಿ.

ಬಬಲ್ ಫಾಯಿಲ್ ಹಾಳೆ ಮಾರುವವರು 50 ಮಿ.ಮೀ. ಗ್ಲಾಸ್‌ವುಲ್‌ಗೆ ಸಮ ಎನ್ನುತ್ತಾರೆ. 4 ಮಿ.ಮೀ. ಗುಳ್ಳೆಯ ಸ್ವಂತ ಆರ್-ಮೌಲ್ಯ 0.1ರಷ್ಟು. ಮಿಕ್ಕ ಲಾಭವೆಲ್ಲ ಹೊಳೆಯುವ ಮೈಯದು, ಅದು ಸಿಗುವುದು ಹಾಳೆಯ ಎದುರು ಎರಡೂವರೆ ಸೆಂಟಿಮೀಟರಿನಷ್ಟಾದರೂ ಖಾಲಿ ಗಾಳಿಯಿದ್ದಾಗ. ತಗಡಿಗೆ ಅಂಟಿಸಿ, ಕೆಳಗಿನಿಂದ ಪಿವಿಸಿ ಪಟ್ಟಿ ಒತ್ತಿ ಹೊಡೆದರೆ ಹೊಳಪು ದಂಡ. ಕಡಿಮೆ ದುಡ್ಡಿನಲ್ಲಿ ಕೊಟ್ಟಿಗೆಗೋ ವರ್ಕ್‌ಶಾಪಿಗೋ ಹಾಕುವುದಾದರೆ ಅಂತರ ಬಿಟ್ಟು ಹಾಕಿ. ಮಲಗುವ ಕೋಣೆಗೆ ಅದೊಂದನ್ನೇ ನಂಬಬೇಡಿ.

ಹಂಚಿನ ಮನೆ ಮತ್ತು ಕರಾವಳಿಯ ಬೆವರು

ಮಂಗಳೂರು, ಉಡುಪಿ ಕಡೆಯ ಹಂಚಿನ ಮನೆಗೆ ಅಮೆರಿಕದ ಸೂಚನೆಯನ್ನು ಅಕ್ಷರಶಃ ಪಾಲಿಸಿದರೆ ನಷ್ಟ ಖಂಡಿತ. ಅಲ್ಲಿನ ಚಳಿ ಊರುಗಳಲ್ಲಿ ಬ್ಯಾಟಿನ ಕಾಗದದ ಮುಖ ಕೋಣೆಯ ಕಡೆಗಿರಬೇಕು, ಏಕೆಂದರೆ ತೇವ ಬೆಚ್ಚಗಿನ ಮನೆಯೊಳಗಿನಿಂದ ಹೊರಗೆ ಹೋಗುತ್ತದೆ. ಕರಾವಳಿಯಲ್ಲಿ ಎಸಿ ಹಾಕಿದ ಕೋಣೆಗೆ ತೇವ ಬರುವುದು ಹೊರಗಿನಿಂದ. ಮೇ ತಿಂಗಳಲ್ಲಿ ಹೊರಗೆ 32 ಡಿಗ್ರಿ, ತೇವಾಂಶ ಶೇ. 75 ಇದ್ದರೆ ಆ ಗಾಳಿ 27 ಡಿಗ್ರಿಯ ಯಾವುದೇ ಮೈ ಮುಟ್ಟಿದರೂ ನೀರಾಗುತ್ತದೆ. ನಿಮ್ಮ ಎಸಿ 24ರಲ್ಲಿದೆ. ಹಂಚಿನ ಸಂದಿಯಿಂದ ನುಗ್ಗಿದ ಗಾಳಿ ಗ್ಲಾಸ್‌ವುಲ್ ದಾಟಿ ಕೆಳಗಿನ ತಣ್ಣನೆ ಫಾಯಿಲ್ ಮುಟ್ಟುತ್ತದೆ, ಅಲ್ಲೇ ಹನಿಗಟ್ಟುತ್ತದೆ. ಆ ನೀರಿಗೆ ಹೋಗಲು ದಾರಿಯಿಲ್ಲ. ಮರದ ಮುಚ್ಚಿಗೆಯ ಮೇಲೆ ಹಾಸಿದ್ದರೆ ಹಲಗೆ ಕಪ್ಪಾಗುತ್ತದೆ, ಬೂಷ್ಟು ಹಿಡಿಯುತ್ತದೆ.

ಇಲ್ಲಿ ತೇವ ತಡೆಯುವ ಹಾಳೆ ಹಾಸಿನ ಮೇಲ್ಗಡೆ, ಅಂದರೆ ಹಂಚಿನ ಕಡೆಗೆ ಇರಬೇಕು. ಕೆಳಗಡೆ ಉಸಿರಾಡುವಂತಿರಲಿ, ಫಾಯಿಲೂ ಬೇಡ ಆಯಿಲ್ ಪೇಂಟೂ ಬೇಡ. ಹಂಚಿಗೂ ಹಾಳೆಗೂ ನಡುವೆ ಗಾಳಿಯಾಡಲು ಜಾಗ ಬಿಡಿ, ಒಡೆದ ಹಂಚಿನಿಂದ ಇಳಿದ ನೀರು ಹಾಳೆಯ ಮೇಲೆ ಜಾರಿ ಸೂರಂಚಿಗೆ ಹೋಗುವಂತಿರಲಿ. ಎಸಿ ಇಲ್ಲದ ಹಂಚಿನ ಮನೆಗಾದರೆ ಗ್ಲಾಸ್‌ವುಲ್‌ನ ಉಸಾಬರಿಯೇ ಬೇಡ. ಮುಚ್ಚಿಗೆ ಮತ್ತು ಅಟ್ಟದ ಗಾಳಿಯಾಟ ಚೆನ್ನಾಗಿದ್ದರೆ ಸಾಕು, ಜೊತೆಗೆ ಅಂತರ ಬಿಟ್ಟು ಕಟ್ಟಿದ ಫಾಯಿಲ್ ಹಾಳೆಯೊಂದಿದ್ದರೆ ಹೆಚ್ಚೇ ಆಯಿತು. ಕರಾವಳಿಯಲ್ಲಿ ತಗಡಿನ ಸೂರಿನಡಿ ಎಸಿ ಹಾಕುವವರಿಗೆ ಎರಡೂ ಮೈಗೆ ಲೋಹವಿರುವ ಪಫ್ ಪ್ಯಾನೆಲ್ ಮೇಲು, ಏಕೆಂದರೆ ತೇವ ಹೊಗಲು ಅದರಲ್ಲಿ ಜಾಗವಿರುವುದು ಸಂದುಗಳಲ್ಲಿ ಮಾತ್ರ.

ಉಳಿದವುಗಳ ಜೊತೆ ತೂಗಿದರೆ

ರಾಕ್‌ವುಲ್ ತಡೆಯುವ ಶಕ್ತಿಯಲ್ಲಿ ಹೆಚ್ಚುಕಮ್ಮಿ ಗ್ಲಾಸ್‌ವುಲ್‌ನಷ್ಟೇ. ಭಾರ ಹೆಚ್ಚು, ಬೆಂಕಿಗೆ ಇನ್ನೂ ಗಟ್ಟಿ: ಗಾಜಿನ ಎಳೆ ಸುಮಾರು 700 ಡಿಗ್ರಿಯಲ್ಲಿ ಕರಗಿದರೆ ಕಲ್ಲಿನ ಎಳೆ ಸಾವಿರ ದಾಟಿಯೂ ನಿಲ್ಲುತ್ತದೆ. ಅಡುಗೆಮನೆ ಚಿಮಣಿ ಸುತ್ತ, ಜನರೇಟರ್ ಕೋಣೆಗೆ ಅದನ್ನೇ ಹಾಕಿ. ಪಫ್, ಎಕ್ಸ್‌ಪಿಎಸ್, ಥರ್ಮಾಕೋಲ್ ಮೂರೂ ಉರಿಯುವ ಪ್ಲಾಸ್ಟಿಕ್, ಹೊಗೆ ವಿಷ. ಇವನ್ನು ಗಾರೆ, ಕಾಂಕ್ರೀಟು ಅಥವಾ ಜಿಪ್ಸಮ್ ಹಲಗೆಯಿಂದ ಮುಚ್ಚದೆ ಬಿಡಬಾರದು. ಟಿವಿ ಪೆಟ್ಟಿಗೆಯೊಳಗೆ ಬರುವಂಥ ಹಗುರ ಥರ್ಮಾಕೋಲ್ ಸೂರಿಗೆ ಆಗುವುದಿಲ್ಲ, ಘನ ಮೀಟರಿಗೆ 20 ಕೆ.ಜಿ.ಗೆ ಕಮ್ಮಿಯಿಲ್ಲದ್ದನ್ನು ಕೇಳಿ.

ಮಹಡಿಯ ಮನೆಯಲ್ಲಿ ಪಶ್ಚಿಮದ ಗೋಡೆಯೂ ಕಾಯುತ್ತದೆ ನಿಜ. ಅದಕ್ಕೆ ನೆರಳು ಕೊಡುವುದು ಅಗ್ಗ.

ಕೊಳ್ಳುವಾಗ, ಹಾಸುವಾಗ

ಗ್ಲಾಸ್‌ವುಲ್ ಕೊಳ್ಳುವಾಗ ಮೂರು ಸಂಖ್ಯೆ ಬರೆದುಕೊಂಡು ಹೋಗಿ: ದಪ್ಪ 50 ಮಿ.ಮೀ., ಸಾಂದ್ರತೆ ಘನ ಮೀಟರಿಗೆ 24 ಕೆ.ಜಿ., ಮಾನಕ ಐಎಸ್ 8183. ಬಿಲ್ಲಿನಲ್ಲಿ 24 ಬರೆದು 16ರ ಸರಕು ಕಳಿಸಿದರೆ ನೋಡಿ ಗುರುತಿಸುವುದು ಕಷ್ಟ. ತೂಕ ಹಾಕಿ. 1.2 ಮೀಟರ್ ಅಗಲ, 10 ಮೀಟರ್ ಉದ್ದದ 50 ಮಿ.ಮೀ. ಸುರುಳಿ 24 ಸಾಂದ್ರತೆಯದ್ದಾದರೆ 14.4 ಕೆ.ಜಿ. ಇರಬೇಕು, ಫಾಯಿಲ್ ತೂಕ ಅದರ ಮೇಲೆ. 16ರದ್ದಾದರೆ 9.6. ಗುಜರಿ ಅಂಗಡಿಯ ತಕ್ಕಡಿಯೂ ಈ ವ್ಯತ್ಯಾಸ ತೋರಿಸುತ್ತದೆ.

10×12 ಅಡಿ ಕೋಣೆಗೆ 11.15 ಚದರ ಮೀಟರ್. ಅಂಚು, ಅತಿಕ್ರಮಣ, ಕತ್ತರಿಸಿದ ಚೂರು ಸೇರಿ ಶೇ. 8–10 ಹೆಚ್ಚಿಗೆ ತರಿಸಿ. ಸುರುಳಿ ಬಿಚ್ಚಿದ ಮೇಲೆ ಅದು ಉಬ್ಬಿ ತನ್ನ ದಪ್ಪಕ್ಕೆ ಬರಲು ಸ್ವಲ್ಪ ಹೊತ್ತು ಬಿಡಿ, ಆಮೇಲೆ ತೆಳು ತಂತಿ ಚುಚ್ಚಿ ದಪ್ಪ ಅಳೆಯಿರಿ. 100ರ ಹಾಸನ್ನು 50ರ ಜಾಗಕ್ಕೆ ತುರುಕಿದರೆ 100ರ ಲಾಭ ಸಿಗದು, 50ರದ್ದಕ್ಕಿಂತ ಒಂಚೂರು ಹೆಚ್ಚು ಸಿಗಬಹುದು ಅಷ್ಟೇ.

ಕತ್ತರಿಸುವಾಗ ಮರದ ಪಟ್ಟಿಯಿಂದ ಒತ್ತಿಹಿಡಿದು ಉದ್ದ ಚಾಕುವಿನಿಂದ ಒಂದೇ ಎಳೆತಕ್ಕೆ ಕೊಯ್ಯಿರಿ. ಸಂದು ಬಿಟ್ಟರೆ ಎಷ್ಟು ಪೆಟ್ಟು? ಶೇ. 5ರಷ್ಟು ಜಾಗ ಬರಿದಾಗಿ ಉಳಿದರೆ, ಮೇಲಿನ ಮೋಲ್ಡ್ ಲೆಕ್ಕದಲ್ಲೇ, ಒಳಬರುವ ಶಾಖ ಶೇ. 20ಕ್ಕೂ ಹೆಚ್ಚು ಏರುತ್ತದೆ. ಸೀಲಿಂಗ್ ಲೈಟಿನ ಸುತ್ತ ಮಾತ್ರ ಬೇಕೆಂದೇ ಜಾಗ ಬಿಡಿ. ಎಲ್ಇಡಿ ಡ್ರೈವರ್ ಮೇಲೆ ಹಾಸು ಹೊದಿಸಿದರೆ ಅದು ಬೆಂದು ಬೇಗ ಸಾಯುತ್ತದೆ. ಎಸಿ, ಗೀಸರಿನ ವೈರುಗಳನ್ನು ಹಾಸಿನಡಿ ಹೂತುಹಾಕಬೇಡಿ, ಅವೂ ತಮ್ಮ ಬಿಸಿ ಬಿಡಬೇಕು. ಬೇರೆ ದಾರಿಯಿಲ್ಲದಿದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಒಂದು ಗಾತ್ರ ದಪ್ಪ ವೈರು ಎಳೆಸಿ.

ಗಾಜಿನ ಎಳೆ ಚರ್ಮಕ್ಕೆ, ಗಂಟಲಿಗೆ ಕಡಿತ ತರುತ್ತದೆ. ತುಂಬುತೋಳಿನ ಅಂಗಿ, ಗ್ಲೌಸ್, ಕನ್ನಡಕ, ಎನ್-95 ಮಾಸ್ಕ್ ಬೇಕೇ ಬೇಕು. ಆ ಬಟ್ಟೆ ಬೇರೆಯಾಗಿ ಒಗೆಯಬೇಕು. ಕ್ಯಾನ್ಸರ್ ಭಯದ ಬಗ್ಗೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ 2001ರಲ್ಲಿ ಮರುಪರಿಶೀಲಿಸಿ, ಕಟ್ಟಡಕ್ಕೆ ಬಳಸುವ ಗ್ಲಾಸ್‌ವುಲ್ಲನ್ನು ಮೂರನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಲಾಗದ ಗುಂಪಿಗೆ, ಸೇರಿಸಿತು. ಇಲಿಗೆ ಅದು ಆಹಾರವಲ್ಲ, ಆದರೆ ಒಳ್ಳೆಯ ಹಾಸಿಗೆ. ಪೈಪು, ವೈರು ಹೋಗುವ ತೂತುಗಳನ್ನು ಸಣ್ಣ ಕಣ್ಣಿನ ಕಬ್ಬಿಣದ ಬಲೆ ತುರುಕಿ ಗಾರೆ ಮೆತ್ತಿ ಮುಚ್ಚಿ.

ಕೆಲಸ ಮುಗಿದ ಮೇಲೆ ದುಡ್ಡು ಪೂರ್ತಿ ಕೊಡುವ ಮೊದಲು ಒಂದು ಬಿಸಿಲ ದಿನ ನೋಡಿ. ದೂರದಿಂದಲೇ ಮೈಯ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು, ತಗಡಿಗಾದರೆ ಮಧ್ಯಾಹ್ನ ಎರಡಕ್ಕೆ, ತಾರಸಿಗಾದರೆ ಸಂಜೆ ಆರಕ್ಕೆ, ಸೀಲಿಂಗಿನ ಒಂಬತ್ತು ಕಡೆ ಅಳೆದು ಬರೆದುಕೊಳ್ಳಿ: ನಾಲ್ಕು ಮೂಲೆ, ನಾಲ್ಕು ಅಂಚಿನ ನಡು, ಮಧ್ಯ. ಹೊಳೆಯುವ ಫಾಯಿಲ್ ಮೇಲೆ ಆ ಯಂತ್ರ ತಪ್ಪು ತೋರಿಸುತ್ತದೆ, ಅಲ್ಲಿ ಕಾಗದದ ಟೇಪಿನ ತುಂಡು ಅಂಟಿಸಿ ಅದರ ಮೇಲೆ ಅಳೆಯಿರಿ. ಎಂಟು ಕಡೆ 33–34 ಬಂದು ಒಂದು ಮೂಲೆಯಲ್ಲಿ 39 ತೋರಿಸಿದರೆ ಅಲ್ಲಿ ಹಾಸು ಜಾರಿದೆ ಇಲ್ಲವೇ ಹಾಕಿಯೇ ಇಲ್ಲ. ಕೆಲಸಗಾರನನ್ನು ಕರೆದು ಆ ಮೂಲೆ ಬಿಚ್ಚಿಸಿ.